ಒಂದೇ ಕೋಡ್, ಬಾಗಲಕೋಟೆಯಲ್ಲಿ 91, ಬೆಳಗಾವಿಯಲ್ಲಿ 87: ಡೇಟಾ ಎಲ್ಲಿ ಬದಲಾಯಿತು?

ಪ್ರಶ್ನೆ: ಸರ್, ನಾವು ಮೂವರು ಸೇರಿ ದಾಳಿಂಬೆಯ ದುಂಡಾಣು ಅಂಗಮಾರಿ ರೋಗವನ್ನು ಫೋಟೋದಿಂದ ಗುರುತಿಸುವ ಪ್ರಾಜೆಕ್ಟ್ ಮಾಡುತ್ತಿದ್ದೇವೆ. ನಾನು ಬಾಗಲಕೋಟೆಯಲ್ಲಿದ್ದೇನೆ. ಒಬ್ಬ ಗೆಳತಿ ವಿಜಯಪುರದಲ್ಲಿ, ಒಬ್ಬ ಗೆಳೆಯ ಬೆಳಗಾವಿಯಲ್ಲಿ. ಹುನಗುಂದ, ಬೀಳಗಿ, ಇಂಡಿ, ತಿಕೋಟಾ ಕಡೆಯ ತೋಟಗಳಲ್ಲಿ ತೆಗೆದ ಸುಮಾರು 20,000 ಫೋಟೋ ಇವೆ, ಒಟ್ಟು 80 ಜಿಬಿ. ಜೊತೆಗೆ ರೈತರ ಹೆಸರು, ಫೋನ್, ಊರು, ಸರ್ವೆ ನಂಬರ್ ಇರುವ ಒಂದು ಎಕ್ಸೆಲ್ ಶೀಟ್. ಕೋಡ್ ಗಿಟ್‌ನಲ್ಲಿದೆ (ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಸಾಫ್ಟ್‌ವೇರ್). ಫೋಟೋಗಳನ್ನು ಜಿಪ್ ಮಾಡಿ ಗಿಟ್‌ಗೆ ಹಾಕಿದರೆ, ನಾವು ಕೋಡ್ ಹಂಚಿಕೊಳ್ಳುವ ಜಾಲತಾಣ ಗಿಟ್‌ಹಬ್ ತೆಗೆದುಕೊಳ್ಳಲಿಲ್ಲ. ಹಾಗಾಗಿ ಡ್ರೈವ್ ಲಿಂಕ್, ಪೆನ್‌ಡ್ರೈವ್, ವಾಟ್ಸಾಪ್ ಮೂಲಕ ಹಂಚಿಕೊಂಡೆವು. ನನ್ನದು ವಿಂಡೋಸ್, ಬೆಳಗಾವಿಯವನದು ಉಬುಂಟು. ಅದೇ ಕೋಡ್, ಅದೇ ಡೇಟಾ. ನನಗೆ ಶೇಕಡಾ 91 ನಿಖರತೆ ಬರುತ್ತದೆ, ಅವನಿಗೆ 87. ಗೈಡ್ ಒಪ್ಪುತ್ತಿಲ್ಲ. ಏನು ಮಾಡಬೇಕು?

ಉತ್ತರ: ಗೈಡ್ ಒಪ್ಪದಿರುವುದು ಸರಿಯಾಗಿಯೇ ಇದೆ. 91 ಮತ್ತು 87ರಲ್ಲಿ ಯಾವುದು ನಂಬುವಂಥದ್ದು ಅಂತ ಈಗ ನೀವೂ ಹೇಳಲಾರಿರಿ, ಅವರೂ ಹೇಳಲಾರರು. ಇಬ್ಬರದೂ ಅದೇ ಕೋಡ್ ಅನ್ನುವುದಕ್ಕೆ ಗಿಟ್ ಸಾಕ್ಷಿ ಇದೆ. ಅದೇ ಡೇಟಾ ಅನ್ನುವುದಕ್ಕೆ ಏನು ಸಾಕ್ಷಿ? ಫೋಲ್ಡರಿನ ಹೆಸರು ಒಂದೇ ಇದೆ, ಫೋಟೋಗಳ ಲೆಕ್ಕ ಹೆಚ್ಚುಕಮ್ಮಿ ಒಂದೇ ಇದೆ. ಅಷ್ಟೇ ಅಲ್ವಾ? ಅದು ಸಾಕ್ಷಿಯಲ್ಲ.

ಹೊಸ ಸಾಫ್ಟ್‌ವೇರ್ ಹಾಕುವ ಮುಂಚೆ ಇವತ್ತೇ ಒಂದು ಕೆಲಸ ಮಾಡಿ. ಮೂವರೂ ನಿಮ್ಮ ನಿಮ್ಮ ಫೋಟೋ ಫೋಲ್ಡರಿನ ಪ್ರತಿ ಫೈಲಿಗೂ ಶಾ-256 ಹ್ಯಾಶ್ ತೆಗೆಯಿರಿ. ಉಬುಂಟುವಿನಲ್ಲಿ ಶಾ256ಸಮ್ ಅನ್ನುವ ಕಮಾಂಡ್ ಇದೆ. ವಿಂಡೋಸ್‌ನಲ್ಲಿ ಪವರ್‌ಶೆಲ್‌ನ ಗೆಟ್-ಫೈಲ್‌ಹ್ಯಾಶ್ ಅದೇ ಕೆಲಸ ಮಾಡುತ್ತದೆ. ಹ್ಯಾಶ್ ಅಂದರೆ ಫೈಲಿನ ಒಳಗಿರುವ ಬೈಟ್‌ಗಳಿಂದ ಲೆಕ್ಕ ಹಾಕಿದ 64 ಅಕ್ಷರಗಳ ಗುರುತು. ಒಂದು ಬೈಟ್ ಬದಲಾದರೂ ಇಡೀ ಗುರುತು ಬದಲಾಗುತ್ತದೆ. ಫೈಲಿನ ಹೆಸರು ಬದಲಿಸಿದರೆ ಏನೂ ಆಗುವುದಿಲ್ಲ. ಮೂರು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ವ್ಯತ್ಯಾಸ ಸಿಗುತ್ತದೆ ಅಂತ ನನಗೆ ಅನ್ನಿಸುತ್ತದೆ. ನೀವು ವಾಟ್ಸಾಪ್ ಅಂದಿರಿ. ಅಲ್ಲಿ ಫೋಟೋ ಅಂತ ಕಳಿಸಿದರೆ ಅದು ಕುಗ್ಗಿ ಹೋಗುತ್ತದೆ. 4 ಎಂಬಿಯ ಚಿತ್ರ ಕೆಲವು ನೂರು ಕೆಬಿಗೆ ಇಳಿಯುತ್ತದೆ. ಎಲೆಯ ಮೇಲಿನ ಸಣ್ಣ ಎಣ್ಣೆಚುಕ್ಕೆಯಂಥ ಕಲೆಯೇ ನಿಮ್ಮ ರೋಗದ ಮೊದಲ ಗುರುತು. ಮೊದಲು ಅಳಿಸಿಹೋಗುವುದು ಅದೇ. ಇನ್ನೊಂದು ಸಾಮಾನ್ಯ ಕಾರಣ, ಅಡ್ಡ ಬಿದ್ದ ಫೋಟೋವನ್ನು ಯಾರೋ ನೋಡುವಾಗ ತಿರುಗಿಸಿ ಸೇವ್ ಮಾಡಿರುತ್ತಾರೆ. ಕಣ್ಣಿಗೆ ಅದೇ ಚಿತ್ರ, ಒಳಗೆ ಬೇರೆ ಫೈಲು.

ಎಲ್ಲ ಹ್ಯಾಶ್‌ಗಳೂ ಸರಿಹೊಂದಿದವು ಅಂದುಕೊಳ್ಳಿ. ಆಗಲೂ 91 ಮತ್ತು 87 ಬರಬಹುದು. ನಿಮ್ಮದು ವಿಂಡೋಸ್, ಅವನದು ಉಬುಂಟು ಅನ್ನುವುದರಲ್ಲೇ ಎರಡು ಹಳ್ಳ ಇವೆ. ಮೊದಲನೆಯದು: ಫೋಲ್ಡರಿನಲ್ಲಿರುವ ಫೈಲುಗಳನ್ನು ಓದು ಅಂತ ಪೈಥಾನ್‌ಗೆ ಹೇಳಿದರೆ, ವಿಂಡೋಸ್‌ನ ಎನ್‌ಟಿಎಫ್‌ಎಸ್ ಡಿಸ್ಕ್ ಹೆಸರಿನ ಅನುಕ್ರಮದಲ್ಲಿ ಕೊಡುತ್ತದೆ. ಉಬುಂಟುವಿನ ಇಎಕ್ಸ್‌ಟಿ4 ತನ್ನದೇ ಒಳಗಿನ ಕ್ರಮದಲ್ಲಿ ಕೊಡುತ್ತದೆ. ನೀವು ರ‍್ಯಾಂಡಮ್ ಸೀಡ್ (ಚೀಟಿ ಎತ್ತಿದಂಥ ಆಯ್ಕೆ ಪ್ರತಿ ಸಲ ಒಂದೇ ಬರಲಿ ಅಂತ ಕೊಡುವ ಸಂಖ್ಯೆ) ಒಂದೇ ಇಟ್ಟು ಕಲಿಕೆಗೆ 80, ಪರೀಕ್ಷೆಗೆ 20 ಅಂತ ಭಾಗ ಮಾಡಿದರೂ, ಸಾಲು ನಿಂತ ಕ್ರಮವೇ ಬೇರೆ ಇದ್ದಾಗ ಬೇರೆ ಫೋಟೋಗಳೇ ಪರೀಕ್ಷೆಗೆ ಹೋಗುತ್ತವೆ. ಎರಡನೆಯದು: ಡಾಟ್ ಜೆಪಿಜಿ ಅಂತ ಸಣ್ಣಕ್ಷರದಲ್ಲಿ ಹುಡುಕಿದರೆ ವಿಂಡೋಸ್ ದೊಡ್ಡಕ್ಷರದ ಫೈಲುಗಳನ್ನೂ ಹಿಡಿಯುತ್ತದೆ, ಉಬುಂಟು ಬಿಟ್ಟುಬಿಡುತ್ತದೆ. ಕೆಲವು ಕ್ಯಾಮೆರಾಗಳು ದೊಡ್ಡಕ್ಷರದಲ್ಲೇ ಹೆಸರಿಡುತ್ತವೆ. ಹಾಗಾದರೆ ಬೆಳಗಾವಿಯಲ್ಲಿ ಒಂದು ಇಡೀ ತೋಟದ ಫೋಟೋಗಳು ಲೆಕ್ಕಕ್ಕೇ ಬಂದಿರುವುದಿಲ್ಲ. ಯಾವ ಎರರ್ ಕೂಡ ಬರುವುದಿಲ್ಲ.

ಇದಕ್ಕೆ ಪರಿಹಾರ ಸೀಡ್ ಅಲ್ಲ. ಯಾವ ಫೋಟೋ ಕಲಿಕೆಗೆ, ಯಾವುದು ಪರೀಕ್ಷೆಗೆ ಅನ್ನುವುದನ್ನು ಒಂದು ಸಿಎಸ್‌ವಿ ಫೈಲಿನಲ್ಲಿ ಬರೆದು ಗಿಟ್‌ನಲ್ಲಿ ಇಡಿ. ಒಂದು ಕಾಲಂನಲ್ಲಿ ಹ್ಯಾಶ್, ಇನ್ನೊಂದರಲ್ಲಿ ಭಾಗದ ಹೆಸರು. ಭಾಗ ಮಾಡುವಾಗ ಒಂದೇ ಗಿಡದ ಫೋಟೋಗಳು ಎರಡೂ ಕಡೆ ಹಂಚಿಹೋಗದಂತೆ ತೋಟವಾರು ಭಾಗ ಮಾಡಿ. ಹಾಗೆ ಮಾಡಿದಾಗ ನಿಮ್ಮ 91 ಇಳಿಯಬಹುದು. ಇಳಿದರೆ ಇಳಿಯಲಿ, ನೋಡದ ತೋಟದಲ್ಲಿ ನಿಮ್ಮ ಮಾಡೆಲ್ ಹೇಗೆ ನಡೆಯುತ್ತದೆ ಅನ್ನುವುದೇ ರೈತರಿಗೆ ಬೇಕಾದ ಸಂಖ್ಯೆ.

ಎಕ್ಸೆಲ್ ಶೀಟಿನ ಮಾತು ನೀವು ಕೇಳಿಲ್ಲ, ಆದರೆ ಅಲ್ಲಿ ಆಗುವ ಹಾನಿ ಜಾಸ್ತಿ. ಸರ್ವೆ ನಂಬರ್ 12/3 ಅಂತ ಹೊಡೆದರೆ ಎಕ್ಸೆಲ್ ಅದನ್ನು ದಿನಾಂಕ ಅಂತ ತಿಳಿಯುತ್ತದೆ. ನಮ್ಮ ಸೆಟ್ಟಿಂಗ್ ಇದ್ದರೆ ಮಾರ್ಚ್ 12, ಅಮೆರಿಕದ ಸೆಟ್ಟಿಂಗ್ ಇದ್ದರೆ ಡಿಸೆಂಬರ್ 3. ಮೂಲ ಹಿಸ್ಸಾ ನಂಬರ್ ಅಲ್ಲಿಗೆ ಹೋಯಿತು. ಇದು ನಮ್ಮೊಬ್ಬರ ತ್ರಾಸಲ್ಲ. ಮನುಷ್ಯರ ಜೀನ್‌ಗಳಿಗೆ ಹೆಸರು ಕೊಡುವ ಅಂತರರಾಷ್ಟ್ರೀಯ ಸಮಿತಿ, ಎಕ್ಸೆಲ್ ಕೆಲವು ಜೀನ್ ಹೆಸರುಗಳನ್ನು ಮಾರ್ಚ್, ಸೆಪ್ಟೆಂಬರ್ ಅಂತ ಓದುತ್ತದೆ ಅಂತಲೇ 2020ರ ಹೊತ್ತಿಗೆ ಆ ಹೆಸರುಗಳನ್ನೇ ಬದಲಿಸಬೇಕಾಯಿತು. ಆ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಅಂತ ಗೊತ್ತುಮಾಡಿ, ಆಮೇಲೆ ನಂಬರ್ ಹೊಡೆಯಿರಿ. ಕೆಟ್ಟುಹೋದ ಸಾಲುಗಳನ್ನು ತೋಟದಲ್ಲಿ ಬರೆದುಕೊಂಡ ಕಾಗದ ನೋಡಿ ಸರಿಮಾಡಿ, ಊಹೆಯ ಮೇಲೆ ಬೇಡ.

ಊರಿನ ಹೆಸರು ಕನ್ನಡದಲ್ಲಿ ಇದ್ದರೆ ಇನ್ನೂ ಎರಡು ಸಂಗತಿ. ಯಾರಾದರೂ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಅದು ಯೂನಿಕೋಡ್ ಅಲ್ಲ, ಪ್ರೋಗ್ರಾಂ ಅದನ್ನು ಕನ್ನಡ ಅಂತ ಓದಲಾರದು. ಮೂಲವನ್ನು ಹಾಗೇ ಇಟ್ಟು, ಯೂನಿಕೋಡ್‌ಗೆ ಬದಲಿಸಿದ ಪ್ರತಿ ಬೇರೆ ಮಾಡಿ. ಎರಡನೆಯದು, ಯೂನಿಕೋಡ್‌ನಲ್ಲೇ "ಬಾಗಲಕೋಟೆ"ಯ ಕೋ ಎರಡು ರೀತಿ ಬರೆಯಲು ಬರುತ್ತದೆ. ಕ ಆದ ಮೇಲೆ ಓ ಸ್ವರಚಿಹ್ನೆ ಒಂದೇ ಸಂಕೇತವಾಗಿ ಬರಬಹುದು, ಇಲ್ಲವೇ ಮೂರು ತುಂಡಾಗಿ ಬರಬಹುದು. ಪರದೆಯ ಮೇಲೆ ಎರಡೂ ಒಂದೇ. ಕಂಪ್ಯೂಟರಿಗೆ ಅವು ಎರಡು ಬೇರೆ ಊರು. ಮ್ಯಾಕ್‌ನಲ್ಲಿ ಕನ್ನಡ ಹೆಸರಿನ ಫೈಲು ಮಾಡಿ ಲಿನಕ್ಸ್‌ಗೆ ತಂದವರು ಇದರಲ್ಲಿ ಸಿಕ್ಕಿಕೊಂಡಿರುತ್ತಾರೆ. ಎಲ್ಲ ಪಠ್ಯವನ್ನೂ, ತುಂಡುಗಳು ಒಂದೇ ಸಂಕೇತವಾಗಿ ಕೂಡುವ ಎನ್‌ಎಫ್‌ಸಿ ರೂಪಕ್ಕೆ ತರುವ ಒಂದು ಸಾಲು ಪೈಥಾನ್‌ನಲ್ಲಿ ಬರೆದರೆ ಸಾಕು.

ಈಗ ಗಿಟ್‌ಹಬ್ ಯಾಕೆ ತೆಗೆದುಕೊಳ್ಳಲಿಲ್ಲ ಅನ್ನುವುದಕ್ಕೆ ಬರೋಣ. ಅಲ್ಲಿ ಒಂದು ಫೈಲು 100 ಎಂಬಿ ದಾಟುವಂತಿಲ್ಲ. ಆದರೆ ಆ ಮಿತಿ ಇರದಿದ್ದರೂ ಫೋಟೋಗಳನ್ನು ಗಿಟ್‌ಗೆ ಹಾಕಬೇಡಿ ಅಂತಲೇ ಹೇಳುತ್ತಿದ್ದೆ. ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಗಿಟ್ ಬರೆದದ್ದು ಲಿನಕ್ಸ್ ಕರ್ನಲ್‌ನ ಕೋಡ್ ನೋಡಿಕೊಳ್ಳಲು. ಕೋಡ್ ಅಂದರೆ ಸಣ್ಣ ಸಣ್ಣ ಪಠ್ಯದ ಫೈಲು. ಎರಡು ಆವೃತ್ತಿಗಳ ನಡುವಿನ ವ್ಯತ್ಯಾಸವಷ್ಟನ್ನೇ ಇಟ್ಟುಕೊಂಡು ಗಿಟ್ ಜಾಗ ಉಳಿಸುತ್ತದೆ. ಜೆಪೆಗ್ ಈಗಾಗಲೇ ಕುಗ್ಗಿಸಿದ ಫೈಲು, ಅದರಲ್ಲಿ ಉಳಿಸಲು ಏನೂ ಇರುವುದಿಲ್ಲ. ಒಂದು ಫೋಟೋ ತಿರುಗಿಸಿ ಮತ್ತೆ ಕಮಿಟ್ ಮಾಡಿದರೆ, ಅಂದರೆ ಗಿಟ್‌ನ ಇತಿಹಾಸದಲ್ಲಿ ದಾಖಲಿಸಿದರೆ, ಹೊಸದಾಗಿ ಇನ್ನೊಂದು 4 ಎಂಬಿ ಸೇರಿತು. ಆಮೇಲೆ ಅಳಿಸಿದರೂ ಅದು ಇತಿಹಾಸದಲ್ಲಿ ಉಳಿಯುತ್ತದೆ. ಗಿಟ್ ವಿಕೇಂದ್ರಿತ ವ್ಯವಸ್ಥೆ ಆದ್ದರಿಂದ ಕ್ಲೋನ್ ಮಾಡುವ, ಅಂದರೆ ತಮ್ಮ ಕಂಪ್ಯೂಟರಿಗೆ ಪ್ರತಿ ಇಳಿಸಿಕೊಳ್ಳುವ ಪ್ರತಿಯೊಬ್ಬರಿಗೂ ಆ ಪೂರ್ತಿ ಇತಿಹಾಸ ಹೋಗುತ್ತದೆ. ಕೋಡ್‌ಗೆ ಇದು ವರ. ಫೋಟೋಗಳಿಗೆ ಇದೇ ಹೊರೆ.

ಹಾಗಾದರೆ ಗಿಟ್‌ನಲ್ಲಿ ಏನಿಡಬೇಕು? ಪಹಣಿ ಅಂದರೆ ಜಮೀನಲ್ಲ. ಯಾವ ಜಮೀನು, ಎಷ್ಟು, ಯಾರ ಹೆಸರಿನಲ್ಲಿ ಅಂತ ಹೇಳುವ ದಾಖಲೆ. ಗಿಟ್‌ನಲ್ಲಿ ಡೇಟಾದ ಪಹಣಿ ಇರಲಿ, ಡೇಟಾ ಬೇರೆ ಕಡೆ ಇರಲಿ. ಆ ದಾಖಲೆಯಲ್ಲಿ ಫೈಲಿನ ಹ್ಯಾಶ್ ಇರಬೇಕು, ಗಾತ್ರ ಇರಬೇಕು, ಯಾವ ಯಾವ ಡಿಸ್ಕಿನಲ್ಲಿ ಅದರ ಪ್ರತಿ ಇದೆ ಅನ್ನುವುದೂ ಇರಬೇಕು. ಡ್ರೈವ್ ಲಿಂಕಿನಲ್ಲಿ ಇದ್ಯಾವುದೂ ಇಲ್ಲ. ಲಿಂಕ್ ಅದೇ ಇದ್ದು ಒಳಗಿನ ಫೈಲನ್ನು ತಿದ್ದುವ ಅನುಮತಿ ಇದ್ದವರು ಯಾರು ಬೇಕಾದರೂ ಬದಲಿಸಬಹುದು.

ಈ ಕೆಲಸಕ್ಕೆ ಮೂರ್ನಾಲ್ಕು ಸಾಧನ ಇವೆ. ನಿಮ್ಮ ಮೂವರಿಗೆ ಗಿಟ್-ಅನೆಕ್ಸ್ ಸರಿ ಅಂತ ನನ್ನ ಅಭಿಪ್ರಾಯ. ಜೋಯಿ ಹೆಸ್ ಅನ್ನುವವರು 2010ರಲ್ಲಿ ಶುರುಮಾಡಿದ್ದು, ಉಚಿತ, ಇವತ್ತಿಗೂ ಚೆನ್ನಾಗಿ ನಡೆದುಕೊಂಡು ಬಂದಿದೆ. ಅದು ಫೋಟೋವನ್ನು ಹ್ಯಾಶ್‌ನ ಹೆಸರಿನಲ್ಲಿ ಪಕ್ಕಕ್ಕೆ ಎತ್ತಿಡುತ್ತದೆ, ಫೋಲ್ಡರಿನಲ್ಲಿ ಅದನ್ನು ತೋರಿಸುವ ಒಂದು ಕೊಂಡಿ ಮಾತ್ರ ಬಿಡುತ್ತದೆ. ಗಿಟ್‌ಗೆ ಹೋಗುವುದು ಆ ಕೊಂಡಿ. ಹಾಗಾಗಿ ಕ್ಲೋನ್ ಮಾಡಿದ ತಕ್ಷಣ 20,000 ಹೆಸರುಗಳೂ ಕಾಣುತ್ತವೆ, ಬೇಕಾದಷ್ಟನ್ನು ಮಾತ್ರ ಗೆಟ್ ಕಮಾಂಡ್ ಕೊಟ್ಟು ತರಿಸಿಕೊಳ್ಳಬಹುದು. ಇಂಡಿಯ ತೋಟಗಳು ಮಾತ್ರ ಬೇಕೇ? ಆ ಫೋಲ್ಡರ್ ಒಂದನ್ನೇ ತರಿಸಿ. ಎತ್ತಿಟ್ಟ ಫೈಲುಗಳು ಓದಲು ಮಾತ್ರ ತೆರೆದಿರುತ್ತವೆ. ನೋಡುವಾಗ ತಿರುಗಿಸಿ ಸೇವ್ ಮಾಡುವ ಅಭ್ಯಾಸಕ್ಕೆ ಅಲ್ಲೇ ತಡೆ ಬೀಳುತ್ತದೆ.

ನನಗೆ ಇದರಲ್ಲಿ ಹೆಚ್ಚು ಇಷ್ಟವಾಗುವುದು ಪ್ರತಿಗಳ ಲೆಕ್ಕ. ವೇರ್‌ಈಸ್ ಅಂತ ಕೇಳಿದರೆ ಈ ಫೋಟೋ ಬಾಗಲಕೋಟೆಯ ಲ್ಯಾಪ್‌ಟಾಪಿನಲ್ಲಿದೆ, ವಿಜಯಪುರದ ಹಾರ್ಡ್ ಡಿಸ್ಕಿನಲ್ಲಿದೆ ಅಂತ ಹೇಳುತ್ತದೆ. ಆ ಡಿಸ್ಕ್ ಆ ಹೊತ್ತಿಗೆ ಕಪಾಟಿನಲ್ಲಿ ಇದ್ದರೂ ಹೇಳುತ್ತದೆ. ಕನಿಷ್ಠ ಎರಡು ಪ್ರತಿ ಇರಬೇಕು ಅಂತ ಒಮ್ಮೆ ಗೊತ್ತುಮಾಡಿ. ತಾನಾಗಿ ಅದು ಒಂದು ಪ್ರತಿಗೇ ತೃಪ್ತಿಪಡುತ್ತದೆ, ಆದ್ದರಿಂದ ಇದನ್ನು ನೀವೇ ಬದಲಿಸಬೇಕು. ಆಮೇಲೆ ಜಾಗ ಸಾಲದೆ ಲ್ಯಾಪ್‌ಟಾಪಿನಿಂದ ತೆಗೆಯಲು ಹೋದರೆ, ಬೇರೆ ಕಡೆ ಸಾಕಷ್ಟು ಪ್ರತಿ ಇರುವುದು ಖಾತ್ರಿ ಆಗುವವರೆಗೆ ಅದು ತೆಗೆಯಲು ಬಿಡುವುದಿಲ್ಲ. ಎಫ್‌ಎಸ್‌ಸಿಕೆ ಅನ್ನುವ ಕಮಾಂಡ್ ಪ್ರತಿ ಫೈಲಿನ ಹ್ಯಾಶ್ ಮತ್ತೆ ಲೆಕ್ಕ ಹಾಕಿ ಡಿಸ್ಕಿನಲ್ಲಿ ಕೆಟ್ಟದ್ದನ್ನು ತೋರಿಸುತ್ತದೆ. ತಿಂಗಳಿಗೊಮ್ಮೆ ಓಡಿಸಿ.

ಹಾರ್ಡ್ ಡಿಸ್ಕ್ ಕಳಿಸುವುದು ಹಳೇ ಕಾಲದ ರೀತಿ ಅಂತ ನಾಚಬೇಡಿ. 20 ಎಂಬಿಪಿಎಸ್ ಅಪ್‌ಲೋಡ್ ಸಿಕ್ಕರೂ 80 ಜಿಬಿ ಏರಿಸಲು ಸುಮಾರು 9 ಗಂಟೆ ಬೇಕು, ಅದೂ ನಡುವೆ ಕರೆಂಟ್ ಹೋಗದಿದ್ದರೆ. ಅಷ್ಟರೊಳಗೆ ಬಸ್ಸಿನಲ್ಲಿ ಡಿಸ್ಕ್ ಬೆಳಗಾವಿ ಮುಟ್ಟಿರುತ್ತದೆ. ಗಿಟ್-ಅನೆಕ್ಸ್‌ಗೆ ಬಸ್ಸಿನಲ್ಲಿ ಹೋದ ಡಿಸ್ಕೂ ಒಂದು ರಿಮೋಟೇ, ಅಂದರೆ ಪ್ರತಿ ಇರುವ ಇನ್ನೊಂದು ಜಾಗ. ದಾಖಲೆ ಗಿಟ್‌ಹಬ್ ಮೂಲಕ ಹೋಗಲಿ, ಫೋಟೋಗಳು ಡಿಸ್ಕಿನಲ್ಲಿ ಹೋಗಲಿ. ದಾರಿಯಲ್ಲಿ ಏನಾದರೂ ಕೆಟ್ಟಿದ್ದರೆ ಹ್ಯಾಶ್ ಹೇಳುತ್ತದೆ. ಪೇಟೆಯಲ್ಲಿ ಸಿಗುವ ಡಿಸ್ಕ್ ಎಕ್ಸ್‌ಫ್ಯಾಟ್ ಆಗಿದ್ದರೆ ಅದರಲ್ಲಿ ಕೊಂಡಿಗಳು ನಿಲ್ಲುವುದಿಲ್ಲ. ಆಗ ಡಿಸ್ಕನ್ನು ಡೈರೆಕ್ಟರಿ ಬಗೆಯ ಸ್ಪೆಷಲ್ ರಿಮೋಟ್ ಅಂತ ಸೇರಿಸಿಕೊಳ್ಳಿ, ಫಾರ್ಮ್ಯಾಟ್ ಬದಲಿಸುವ ಕೆಲಸವಿಲ್ಲ. ಗಿಟ್‌ಹಬ್ ಅನೆಕ್ಸ್‌ನ ಫೈಲುಗಳನ್ನು ಇಟ್ಟುಕೊಳ್ಳುವುದಿಲ್ಲ ಅನ್ನುವುದು ನೆನಪಿರಲಿ. ಅಲ್ಲಿ ಹೆಸರು ಕಂಡಿತು ಅಂತ ಪ್ರತಿ ಇದೆ ಅಂದುಕೊಳ್ಳಬೇಡಿ.

ನಿಮ್ಮ ವಿಂಡೋಸ್‌ಗೆ ಒಂದು ಎಚ್ಚರಿಕೆ. ಅಲ್ಲಿ ನೇರವಾಗಿ ಗಿಟ್-ಅನೆಕ್ಸ್ ಓಡುತ್ತದೆ, ಆದರೆ ತೊಡಕು ಜಾಸ್ತಿ. ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಹಾಕಿ, ಅದರೊಳಗಿನ ಉಬುಂಟುವಿನ ಹೋಮ್ ಫೋಲ್ಡರಿನಲ್ಲೇ ಕೆಲಸ ಮಾಡಿ. ಹಾಗೆ ಮಾಡಿದರೆ ಮೇಲೆ ಹೇಳಿದ ಎರಡು ಹಳ್ಳಗಳಲ್ಲಿ ದೊಡ್ಡಕ್ಷರ–ಸಣ್ಣಕ್ಷರದ್ದು ಮುಚ್ಚುತ್ತದೆ. ಗಿಟ್ ಫಾರ್ ವಿಂಡೋಸ್ ಸಾಲಿನ ಕೊನೆಯ ಚಿಹ್ನೆ ಬದಲಿಸಿ ಸಿಎಸ್‌ವಿಯ ಹ್ಯಾಶ್ ಕೆಡಿಸುವುದೂ ತಪ್ಪುತ್ತದೆ. ಆದರೂ ಗಿಟ್‌ಆಟ್ರಿಬ್ಯೂಟ್ಸ್ ಫೈಲಿನಲ್ಲಿ ಸಿಎಸ್‌ವಿಗಳ ಸಾಲಿನ ಕೊನೆ ಮುಟ್ಟಬಾರದು ಅಂತ ಒಂದು ಸಾಲು ಸೇರಿಸಿ.

ಬೇರೆ ಸಾಧನಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಗಿಟ್ ಎಲ್‌ಎಫ್‌ಎಸ್ 2015ರಲ್ಲಿ ಗಿಟ್‌ಹಬ್ ತಂದದ್ದು. ಕಲಿಯಲು ಸುಲಭ. ಆದರೆ ಎಲ್ಲ ಫೈಲೂ ಒಂದು ಸರ್ವರಿಗೆ ಹೋಗಿ ಬರಬೇಕು, ಉಚಿತ ಮಿತಿ ನಿಮ್ಮ 80 ಜಿಬಿಗೆ ಸಾಲದು, ಡೌನ್‌ಲೋಡಿಗೂ ಮಿತಿ ಇದೆ. ಡಿವಿಸಿ ಮೆಷಿನ್ ಲರ್ನಿಂಗ್‌ನವರಿಗೆಂದೇ 2017ರಲ್ಲಿ ಬಂದದ್ದು, ವಿಂಡೋಸ್‌ನಲ್ಲಿ ಚೆನ್ನಾಗಿ ಓಡುತ್ತದೆ, ಯಾವ ಹಂತ ಮತ್ತೆ ಓಡಿಸಬೇಕು ಅನ್ನುವುದನ್ನು ತಾನೇ ನೋಡಿಕೊಳ್ಳುತ್ತದೆ. ಮೂವರಲ್ಲಿ ಯಾರಿಗೂ ಲಿನಕ್ಸ್ ರೂಢಿಯಾಗುವುದಿಲ್ಲ ಅಂದರೆ ಅದನ್ನು ಹಿಡಿಯಿರಿ. ಯಾವ ಡಿಸ್ಕಿನಲ್ಲಿ ಏನಿದೆ ಅನ್ನುವ ಲೆಕ್ಕ ಮಾತ್ರ ಅದರಲ್ಲಿ ಸಿಗದು.

ಡೇಟಾ ಒಂದೇ ಆಯಿತು. ಅದರಿಂದ 91 ಹೇಗೆ ಬಂತು ಅನ್ನುವುದೂ ದಾಖಲಾಗಬೇಕು. ಇದಕ್ಕೆ ಗಿಟ್-ಅನೆಕ್ಸ್ ಮೇಲೆಯೇ ಕಟ್ಟಿದ ಡೇಟಾಲ್ಯಾಡ್ ಹಾಕಿಕೊಳ್ಳಿ. ಮೆದುಳಿನ ಸ್ಕ್ಯಾನ್‌ಗಳಂಥ ದೊಡ್ಡ ಡೇಟಾ ಹಂಚಿಕೊಳ್ಳುವ ವಿಜ್ಞಾನಿಗಳು ಬೆಳೆಸಿದ್ದು ಅದು. ಡೇಟಾಲ್ಯಾಡ್ ರನ್ ಅಂತ ನಿಮ್ಮ ಕಮಾಂಡ್‌ಗೆ ಮುಂಚೆ ಸೇರಿಸಿ, ಅದು ಓದುವ ಮತ್ತು ಬರೆಯುವ ಫೈಲುಗಳನ್ನು ಇನ್‌ಪುಟ್, ಔಟ್‌ಪುಟ್ ಅಂತ ತಿಳಿಸಿದರೆ, ಯಾವ ಕಮಾಂಡ್ ಓಡಿತು, ಯಾವ ಫೈಲು ಓದಿತು, ಯಾವುದನ್ನು ಬರೆಯಿತು ಅನ್ನುವುದು ಕಮಿಟ್ ಸಂದೇಶದೊಳಗೇ ಸೇರುತ್ತದೆ. ಬೆಳಗಾವಿಯಲ್ಲಿ ರೀರನ್ ಅಂದರೆ ಬೇಕಾದ ಫೋಟೋಗಳನ್ನು ತಾನೇ ತರಿಸಿಕೊಂಡು ಅದೇ ಕಮಾಂಡ್ ಓಡಿಸುತ್ತದೆ. ಬರೆದ ಫಲಿತಾಂಶ ಬೇರೆ ಬಂದರೆ ಗಿಟ್ ಡಿಫ್‌ನಲ್ಲಿ ಕಾಣುತ್ತದೆ. ಫೋನಿನಲ್ಲಿ "ನಿನಗೆಷ್ಟು ಬಂತು" ಅಂತ ಕೇಳಿಕೊಳ್ಳುವ ಕೆಲಸವೇ ಇಲ್ಲ.

ಪೈಥಾನ್ ಪ್ಯಾಕೇಜುಗಳ ನಿಖರ ಆವೃತ್ತಿಗಳನ್ನೂ ಬರೆದಿಡಿ. ಜೆಪೆಗ್ ಬಿಚ್ಚುವ ಲೈಬ್ರರಿ ಬದಲಾದರೆ ಪಿಕ್ಸೆಲ್‌ಗಳೇ ತುಸು ಬದಲಾಗುತ್ತವೆ. ಜಿಪಿಯು (ಗ್ರಾಫಿಕ್ಸ್ ಚಿಪ್) ಮೇಲೆ ಕಲಿಸಿದರೆ ಎಲ್ಲ ಒಂದೇ ಇದ್ದರೂ ಕೊನೆಯ ಅಂಕಿಗಳು ಅಲುಗಾಡುತ್ತವೆ. ಅದು ಸಹಜ. ಹಾಗಾಗಿ ಐದಾರು ಸೀಡ್‌ಗಳಲ್ಲಿ ಓಡಿಸಿ, ಸರಾಸರಿ ಮತ್ತು ಹರವು ಎರಡನ್ನೂ ಗೈಡ್‌ಗೆ ಕೊಡಿ. ನಾಲ್ಕು ಅಂಕದ ಅಂತರ ಜಿಪಿಯುವಿನಿಂದ ಬಂತು ಅಂತ ಹೇಳಿ ತಪ್ಪಿಸಿಕೊಳ್ಳುವುದು ಮಾತ್ರ ಬೇಡ, ಮೊದಲು ಡೇಟಾ ನೋಡಿ.

ರೈತರ ವಿವರದ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ. ಹೆಸರು, ಫೋನ್, ಸರ್ವೆ ನಂಬರ್ ಇರುವ ಶೀಟ್ ಹಂಚುವ ರೆಪೊಸಿಟರಿಗೆ (ಗಿಟ್ ನೋಡಿಕೊಳ್ಳುವ ಫೋಲ್ಡರಿಗೆ) ಒಮ್ಮೆಯೂ ಹೋಗಬಾರದು. ವಿಕೇಂದ್ರಿತ ವ್ಯವಸ್ಥೆಯಲ್ಲಿ ಒಮ್ಮೆ ಇನ್ನೊಬ್ಬರ ಕ್ಲೋನಿಗೆ ಹೋದದ್ದನ್ನು ವಾಪಸ್ ಕರೆಸಲು ಬರುವುದಿಲ್ಲ. ಪ್ರತಿ ತೋಟಕ್ಕೆ ಒಂದು ಸಂಖ್ಯೆ ಕೊಡಿ. ಸಂಖ್ಯೆ ಮತ್ತು ರೈತರ ಹೆಸರಿನ ಜೋಡಿ ಬೇರೆ ಕಡೆ, ಎನ್‌ಕ್ರಿಪ್ಟ್ ಮಾಡಿ, ಒಬ್ಬರ ಜವಾಬ್ದಾರಿಯಲ್ಲಿ ಇರಲಿ. ಫೋನಿನಲ್ಲಿ ತೆಗೆದ ಫೋಟೋದ ಒಳಗೆ ಜಿಪಿಎಸ್ ಇರುತ್ತದೆ, ಅದು ನೇರ ತೋಟಕ್ಕೇ ಕರೆದೊಯ್ಯುತ್ತದೆ. ಎಕ್ಸಿಫ್‌ಟೂಲ್‌ನಿಂದ ಅದನ್ನು ತೆಗೆದ ಪ್ರತಿಗಳನ್ನೇ ಹಂಚಿ. ಹಾಗೆ ತೆಗೆದಾಗ ಹ್ಯಾಶ್ ಬದಲಾಗುತ್ತದೆ. ಆದ್ದರಿಂದ ಈ ಕೆಲಸ ಮೊದಲು ಮಾಡಿ, ಆಮೇಲೆ ಅನೆಕ್ಸ್‌ಗೆ ಸೇರಿಸಿ, ಮೂಲಗಳನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ರೋಗ ಬಂದ ತೋಟ ಅಂತ ಊರಿಗೆ ಗೊತ್ತಾದರೆ ಆ ರೈತನ ಹಣ್ಣಿನ ದರಕ್ಕೆ ಪೆಟ್ಟು ಬೀಳಬಹುದು. ಅವರು ನಿಮ್ಮನ್ನು ನಂಬಿ ತೋಟದೊಳಗೆ ಬಿಟ್ಟಿದ್ದಾರೆ.

ಪ್ರಬಂಧ ಕೊಡುವ ಹೊತ್ತಿಗೆ ಡೇಟಾವನ್ನು ಝೆನೋಡೋದಲ್ಲಿ ಇಡಿ. ಯುರೋಪಿನ ಭೌತವಿಜ್ಞಾನ ಸಂಸ್ಥೆ ಸರ್ನ್ 2013ರಿಂದ ನಡೆಸುತ್ತಿರುವ ಉಚಿತ ಭಂಡಾರ ಅದು, ಉಲ್ಲೇಖಿಸಲು ಡಿಒಐ ಅನ್ನುವ ಶಾಶ್ವತ ಗುರುತು ಸಿಗುತ್ತದೆ. ಒಂದು ದಾಖಲೆಗೆ ಸಾಮಾನ್ಯವಾಗಿ 50 ಜಿಬಿ ಮಿತಿ, ಹಾಗಾಗಿ ಬಾಗಲಕೋಟೆ ಜಿಲ್ಲೆಯದು ಒಂದು, ವಿಜಯಪುರ ಜಿಲ್ಲೆಯದು ಒಂದು ಅಂತ ಎರಡು ಮಾಡಿ.

ಗಿಟ್‌ಹಬ್ ತೆಗೆದುಕೊಳ್ಳದಿದ್ದರೂ ಆ ಜಿಪ್ ನಿಮ್ಮ ಕಂಪ್ಯೂಟರಿನ ಕಮಿಟ್‌ನಲ್ಲಿ ಉಳಿದಿರುತ್ತದೆ. ಹಾಗೆ ಊದಿರುವ ನಿಮ್ಮ ಹಳೇ ರೆಪೊಸಿಟರಿಯನ್ನು ಗಿಟ್ ಫಿಲ್ಟರ್-ರೆಪೊದಿಂದ ತೊಳೆಯಲು ಬರುತ್ತದೆ. ಆದರೆ ಎಲ್ಲ ಕಮಿಟ್‌ಗಳ ಹ್ಯಾಶ್ ಬದಲಾಗಿ, ಮೂವರೂ ಹೊಸದಾಗಿ ಕ್ಲೋನ್ ಮಾಡಬೇಕಾಗುತ್ತದೆ. ಒಬ್ಬರು ಮರೆತು ಹಳೆಯ ಕ್ಲೋನಿನಲ್ಲೇ ಕೆಲಸ ಮುಂದುವರಿಸಿದರೆ ಹಳೇ ಇತಿಹಾಸ ಮತ್ತೆ ಬಂದು ಕಲೆಸಿಕೊಳ್ಳುತ್ತದೆ. ಮೂರೇ ಜನ ಇದ್ದೀರಿ, ಹೊಸ ರೆಪೊಸಿಟರಿಯೇ ಶುರುಮಾಡಿ, ಹಳೆಯದನ್ನು ಯಾರೂ ಮುಟ್ಟದ ಹಾಗೆ ಒಂದು ಡಿಸ್ಕಿನಲ್ಲಿ ಇಡಿ.

ಎಲ್ಲ ಆದ ಮೇಲೆ ವಿಜಯಪುರದ ಗೆಳತಿಗೆ ಕೆಲಸ ಕೊಡಿ. ಈ ಫೋಲ್ಡರುಗಳು ಒಮ್ಮೆಯೂ ಇರದ ಕಂಪ್ಯೂಟರಿನಲ್ಲಿ ಅವರು ಹೊಸದಾಗಿ ಕ್ಲೋನ್ ಮಾಡಲಿ, ನಿಮ್ಮಿಬ್ಬರಿಗೂ ಫೋನ್ ಮಾಡದೆ ರೀಡ್‌ಮಿ ಓದಿಕೊಂಡೇ ಸಂಖ್ಯೆ ತೆಗೆಯಲಿ. ಎಲ್ಲಿ ನಿಂತರು, ಏನು ಸಿಗಲಿಲ್ಲ ಅನ್ನುವುದನ್ನು ಅವರು ಬರೆದುಕೊಳ್ಳಲಿ. ಸಂಖ್ಯೆ ಬೇರೆ ಬಂದರೆ ಈ ಕ್ರಮದಲ್ಲಿ ನೋಡಿ: ಮೊದಲು ಫೋಟೋಗಳ ಹ್ಯಾಶ್, ಆಮೇಲೆ ಭಾಗ ಮಾಡಿದ ಸಿಎಸ್‌ವಿ, ಆಮೇಲೆ ಪ್ಯಾಕೇಜ್ ಆವೃತ್ತಿ, ಕೊನೆಗೆ ಸೀಡ್. ಅವರಿಗೆ ಬಂದ ಸಂಖ್ಯೆ ನಿಮ್ಮ ಹರವಿನೊಳಗೆ ಬಿದ್ದರೆ, ಆ ಕಮಿಟ್‌ಗೆ ಒಂದು ಟ್ಯಾಗ್ ಹಾಕಿ, ಆ ಟ್ಯಾಗಿನ ಹೆಸರನ್ನೇ ಗೈಡ್‌ಗೆ ಕಳಿಸಿ.